ಒಂದು ಮನೆ, ಎರಡು ಸಭೆ

(ಉಪನ್ಯಾಸವೊಂದರ ಬರಹರೂಪ)

ಹೊರಗಿನವರ ಕಣ್ಣಿಗೆ ಕ್ರೈಸ್ತರೆಲ್ಲ ಒಂದೇ. ಕ್ರಿಸ್ಮಸ್ ನಕ್ಷತ್ರ, ಭಾನುವಾರದ ಗಂಟೆ, ಬಿಳಿ ಉಡುಪಿನ ಮದುಮಗಳು - ಪರಿಚಯ ಹೆಚ್ಚಾಗಿ ಇಷ್ಟರಲ್ಲೇ ಮುಗಿಯುತ್ತದೆ. ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳ ಒಳಗೆ ಮಾತು ಬೇರೆ. ಸಂಬಂಧವೊಂದು ಬಂದಾಗ ಹುಡುಗನ ಉದ್ಯೋಗದ ವಿಚಾರಣೆಗೂ ಮೊದಲು ಕೇಳಿಬರುವ ಪ್ರಶ್ನೆ: ‘ಅವರು ಯಾವ ಸಭೆಯವರು?’ ಹುಡುಗಿ ಕೆಥೊಲಿಕ್, ಹುಡುಗ ಪ್ರಾಟೆಸ್ಟೆಂಟ್ ಎಂದಾದರೆ ಎರಡೂ ಮನೆಗಳಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಕ್ರಿಸ್ತ ಒಬ್ಬನೇ ಆಗಿರುವಾಗ ಈ ಮೌನ ಏಕೆ?

ಕಾರಣ ಇತಿಹಾಸದಲ್ಲಿದೆ. ಕರಾವಳಿಯ ಕೆಥೊಲಿಕರಲ್ಲಿ ಬಹುಪಾಲು ಜನರ ಪೂರ್ವಿಕರು ಗೋವೆಯಿಂದ ಬಂದವರು, ಮನೆಮಾತು ಕೊಂಕಣಿ. ಪ್ರಾಟೆಸ್ಟೆಂಟರ ಕತೆ ಶುರುವಾಗುವುದು 1834ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಶನ್ನಿನ ಮೂವರು ಮಂಗಳೂರಿಗೆ ಬಂದಾಗ. ಆ ಸಭೆಗೆ ಸೇರಿದವರಲ್ಲಿ ತುಳು ಮಾತನಾಡುವ ಬಿಲ್ಲವರು ಹೆಚ್ಚು. ಹಳೆಯ ಕಸುಬು, ನೆಂಟಸ್ತಿಕೆಗಳಿಂದ ದೂರವಾದ ಅವರಲ್ಲಿ ಅನೇಕರಿಗೆ ಮಿಶನ್ನಿನ ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳು ಆಸರೆಯಾದವು. ಬಾಸೆಲ್ ಮಿಶನ್ನಿನ ಆ ಸಭೆ ಇಂದು, 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯ, ಅಂದರೆ ಸಿ.ಎಸ್.ಐ.ಯ ಭಾಗ. ಹೀಗೆ ‘ಸಭೆ’ ಎಂಬ ಒಂದು ಪದದೊಳಗೆ ಭಾಷೆ, ಮೂಲಜಾತಿ, ಕಸುಬು ಎಲ್ಲವೂ ಸೇರಿಕೊಂಡಿವೆ. ಜಾತಿಯ ಮಾತನ್ನು ಬಾಯಿಬಿಟ್ಟು ಆಡಲಾಗದ ಕಡೆ ಸಭೆಯ ಹೆಸರು ಆ ಕೆಲಸವನ್ನು ಮಾಡಿಬಿಡುವುದೂ ಉಂಟು.

ಆದರೆ ಭಾಷೆ, ಊಟ, ಪದ್ಧತಿ ಒಂದೇ ಆಗಿದ್ದರೂ ಸಭೆ ಬೇರೆಯಾಗಿರಬಹುದು ಎಂಬುದಕ್ಕೆ ಬ್ರಹ್ಮಾವರ ಸಾಕ್ಷಿ. 19ನೇ ಶತಮಾನದ ಕೊನೆಯಲ್ಲಿ ಇಲ್ಲಿನ ಇಗರ್ಜಿಗಳು ಗೋವೆಯ ಪೋರ್ಚುಗೀಸ್ ಅಧಿಕಾರಕ್ಕೆ ಸೇರಬೇಕೋ, ನೇರವಾಗಿ ರೋಮಿಗೋ ಎಂಬ ಜಗಳ ಎದ್ದಾಗ ಗೋವೆಯ ಪಾದ್ರಿ ಅಲ್ವಾರಿಸ್ ಕೆಥೊಲಿಕ್ ಸಭೆಯಿಂದ ಹೊರಬಂದು, 1889ರಲ್ಲಿ ಕೇರಳದ ಸಿರಿಯನ್ ಆರ್ಥೊಡಾಕ್ಸ್ ಸಭೆಯ ಬಿಷಪರಾದರು. ಅವರ ಜೊತೆ ನಿಂತ ಬ್ರಹ್ಮಾವರದ ಕೊಂಕಣಿ ಕುಟುಂಬಗಳು ಇಂದಿಗೂ ಆರ್ಥೊಡಾಕ್ಸರೇ. ಪಕ್ಕದ ಮನೆಯ ಕೆಥೊಲಿಕರೂ ಇವರೂ ಆಡುವುದು ಒಂದೇ ಕೊಂಕಣಿ.

ಇನ್ನು ನಿಯಮಗಳ ಮಾತು. ದೇಶದ ಕಾನೂನು ಇಲ್ಲಿ ಸರಳವಾಗಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಗೆ ವಧೂವರರು ಬೇರೆ ಬೇರೆ ಸಭೆಯವರಾಗಿರುವುದು ತೊಡಕೇ ಅಲ್ಲ. ತೊಡಕು ಇರುವುದು ಕೆಥೊಲಿಕ್ ಸಭೆಯ ಧರ್ಮಶಾಸನದಲ್ಲಿ. 1908ರ ಈಸ್ಟರಿನಿಂದ ಜಾರಿಗೆ ಬಂದ ಆಜ್ಞೆಯ ಪ್ರಕಾರ ಪಾದ್ರಿ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ನಡೆಯದ ಮದುವೆ ಮದುವೆಯೇ ಅಲ್ಲ. ಆ ಮೂಲ ನಿಯಮ ಇಂದಿಗೂ ಉಳಿದಿದೆ. ಸಿ.ಎಸ್.ಐ. ದೇವಾಲಯದಲ್ಲಿ ಸಭಾಪಾಲಕರ ಮುಂದೆ ಮದುವೆಯಾಗಬಯಸುವ ಕೆಥೊಲಿಕ್ ಹುಡುಗಿ ತನ್ನ ಬಿಷಪರಿಂದ ವಿನಾಯಿತಿ ಪಡೆಯಬೇಕು. ಪಡೆಯದೆ ಮದುವೆಯಾದರೆ ಸರ್ಕಾರದ ಲೆಕ್ಕದಲ್ಲಿ ಆಕೆ ಧರ್ಮಪತ್ನಿ, ಸ್ವಂತ ಇಗರ್ಜಿಯ ಲೆಕ್ಕದಲ್ಲಿ ಅವಿವಾಹಿತೆ, ಪರಮಪ್ರಸಾದವೂ ಇಲ್ಲ. ವಿಚಿತ್ರವೆಂದರೆ, ಅದೇ ಹುಡುಗಿ ಬ್ರಹ್ಮಾವರದ ಆರ್ಥೊಡಾಕ್ಸ್ ದೇವಾಲಯದಲ್ಲಿ ಮದುವೆಯಾಗಿದ್ದರೆ, ಅನುಮತಿ ಕೇಳದ ತಪ್ಪು ಉಳಿದರೂ ಮದುವೆ ಊರ್ಜಿತವೆನಿಸುತ್ತದೆ. ಆರ್ಥೊಡಾಕ್ಸ್ ಯಾಜಕತ್ವವನ್ನು ರೋಮ್ ಒಪ್ಪುತ್ತದೆ, ಪ್ರಾಟೆಸ್ಟೆಂಟರದನ್ನು ಒಪ್ಪುವುದಿಲ್ಲ.

ವಿನಾಯಿತಿ ಸಿಕ್ಕರೂ ಎರಡೂ ಕಡೆ ಎರಡು ಬಾರಿ ಪ್ರಮಾಣ ಮಾಡಿಸುವಂತಿಲ್ಲ. ಒಬ್ಬರು ಒಪ್ಪಿಗೆ ಪಡೆದರೆ ಇನ್ನೊಬ್ಬ ಧರ್ಮಗುರು ಪಾಠ ಓದಬಹುದು, ಆಶೀರ್ವದಿಸಬಹುದು, ಅಷ್ಟೇ.

ಮಕ್ಕಳ ವಿಷಯಕ್ಕೆ ಬಂದಾಗ ನಿಜವಾದ ಗಂಟು ಕಾಣುತ್ತದೆ. 1917ರ ಧರ್ಮಶಾಸನದಂತೆ, ಹುಟ್ಟುವ ಮಕ್ಕಳನ್ನೆಲ್ಲ ಕೆಥೊಲಿಕರಾಗಿಯೇ ಬೆಳೆಸುತ್ತೇವೆಂದು ವಧೂವರರಿಬ್ಬರೂ ಮಾತು ಕೊಡಬೇಕಿತ್ತು. ಪ್ರಾಟೆಸ್ಟೆಂಟ್ ಮನೆಗಳ ಹಳೆಯ ಕಹಿಗೆ ಈ ಷರತ್ತೇ ಬಹುಮಟ್ಟಿಗೆ ಕಾರಣ. 1970ರಲ್ಲಿ ಆರನೆಯ ಪಾವ್ಲ್ ಪೋಪರು ಇದನ್ನು ಸಡಿಲಿಸಿದರು. ಈಗ ಮಾತು ಕೊಡಬೇಕಾದವರು ಕೆಥೊಲಿಕ್ ಸಂಗಾತಿ ಮಾತ್ರ. ಅದೂ ‘ಕೈಲಾದದ್ದನ್ನೆಲ್ಲ ಮಾಡುತ್ತೇನೆ’ ಎಂಬಷ್ಟು. ಇನ್ನೊಬ್ಬರಿಗೆ ವಿಷಯ ತಿಳಿಸಿದರೆ ಸಾಕು. 1983ರ ಶಾಸನವೂ ಇದನ್ನೇ ಹೇಳುತ್ತದೆ. ಪ್ರಯತ್ನಪಟ್ಟೂ ಮಕ್ಕಳು ಬೇರೆ ಸಭೆಯಲ್ಲಿ ಬೆಳೆದರೆ ತಂದೆಗೋ ತಾಯಿಗೋ ಶಿಕ್ಷೆಯಿಲ್ಲವೆಂದು 1993ರ ಮಾರ್ಗದರ್ಶಿ ಸ್ಪಷ್ಟಪಡಿಸಿತು.

ಕಾಗದದ ಮೇಲೆ ಇದು ಉದಾರವಾದ ಬದಲಾವಣೆಯೇ ಸರಿ. ಆದರೆ ಧರ್ಮಶಾಸನ ಮಾತು ಕೇಳುವುದು ಕೆಥೊಲಿಕ್ ವ್ಯಕ್ತಿಯನ್ನು, ಗಂಡಾಗಲಿ ಹೆಣ್ಣಾಗಲಿ. ನಮ್ಮ ಸಮಾಜದ ರೂಢಿ ಕೇಳುವುದು ಹೆಂಡತಿಯನ್ನು, ಸಭೆ ಯಾವುದೇ ಆಗಲಿ. ಕೆಥೊಲಿಕ್ ಹುಡುಗ ಪ್ರಾಟೆಸ್ಟೆಂಟ್ ಹುಡುಗಿಯನ್ನು ಮದುವೆಯಾದಾಗ ಈ ಎರಡೂ ಒತ್ತಾಯಗಳು ಒಂದೇ ದಿಕ್ಕಿಗೆ ಹರಿಯುತ್ತವೆ. ಸೊಸೆ ಸದ್ದಿಲ್ಲದೆ ಗಂಡನ ಇಗರ್ಜಿಗೆ ಹೋಗತೊಡಗುತ್ತಾಳೆ, ಜಗಳವೇ ಆಗುವುದಿಲ್ಲ. ಜಗಳ ಆಗಲಿಲ್ಲವೆಂದ ಮಾತ್ರಕ್ಕೆ ಆಕೆ ಏನನ್ನೂ ಬಿಟ್ಟುಕೊಡಲಿಲ್ಲ ಎನ್ನಲಾದೀತೇ? ಕೆಥೊಲಿಕ್ ಹುಡುಗಿ ಸಿ.ಎಸ್.ಐ. ಮನೆಗೆ ಸೊಸೆಯಾಗಿ ಬಂದಾಗ ಎರಡೂ ಡಿಕ್ಕಿ ಹೊಡೆಯುತ್ತವೆ. ಪಾದ್ರಿಯ ಮುಂದೆ ಕೊಟ್ಟ ಮಾತು ಒಂದು ಕಡೆ. ‘ಮೊಮ್ಮಗುವಿನ ದೀಕ್ಷಾಸ್ನಾನ ಯಾವಾಗ?’ ಎಂದು ದಿನಾ ಕೇಳುವ ಅತ್ತೆ ಇನ್ನೊಂದು ಕಡೆ. ಅತ್ತೆಯದೂ ಹಟವಲ್ಲ. ಆಕೆಯೂ ತನ್ನ ಮಕ್ಕಳನ್ನು ಸಭೆಯ ಮುಂದೆ ನಿಲ್ಲಿಸಿ ಮಾತು ಕೊಟ್ಟವಳೇ.

ಈ ಗೊಂದಲದಲ್ಲಿ ಅನೇಕರು ಮರೆಯುವ ಸಂಗತಿ ಒಂದಿದೆ. ಕೆಥೊಲಿಕರು ‘ಜ್ಞಾನಸ್ನಾನ’ ಎನ್ನುವುದು, ಪ್ರಾಟೆಸ್ಟೆಂಟರು ‘ದೀಕ್ಷಾಸ್ನಾನ’ ಎನ್ನುವುದು ಎರಡು ಸಂಸ್ಕಾರಗಳಲ್ಲ. ನೀರಿನಿಂದ, ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಮಾಡಿದ ಸ್ನಾನವನ್ನು ಎರಡೂ ಸಭೆಗಳು ಮಾನ್ಯ ಮಾಡುತ್ತವೆ, ಮತ್ತೊಮ್ಮೆ ಮಾಡುವುದಿಲ್ಲ. ಮಗು ಯಾವ ಕಲ್ಲುತೊಟ್ಟಿಯ ಬಳಿ ನೀರು ಹೊಯ್ಯಿಸಿಕೊಂಡರೂ ಕ್ರೈಸ್ತನೇ. ವ್ಯತ್ಯಾಸ ಕಾಣುವುದು ಮುಂದೆ: ಇಗರ್ಜಿಗೆ ಹೋಗುವ ಮಗು ಎಳೆಯ ವಯಸ್ಸಿನಲ್ಲೇ ಪ್ರಥಮ ಪರಮಪ್ರಸಾದದ ಬಿಳಿ ಬಟ್ಟೆ ತೊಡುತ್ತದೆ; ಸಿ.ಎಸ್.ಐ. ಮಗು ಸಾಮಾನ್ಯವಾಗಿ ಹದಿಹರೆಯದ ದೃಢೀಕರಣದವರೆಗೆ ಕಾಯುತ್ತದೆ.

ದಿನನಿತ್ಯದ ಬದುಕಿನಲ್ಲಿ ಹೆಚ್ಚಿನದೆಲ್ಲ ಹೇಗೋ ಹೊಂದಿಕೊಂಡು ಹೋಗುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ದಿನ ಕೆಥೊಲಿಕ್ ಮನೆಯ ಹೊಸ ತೆನೆಯ ಊಟಕ್ಕೆ ಪ್ರಾಟೆಸ್ಟೆಂಟ್ ಸೊಸೆ ಹಿಂಜರಿಯಬೇಕಿಲ್ಲ. ಹೊಸ ಅಕ್ಕಿ ಊಟ ತುಳುನಾಡಿಗೆಲ್ಲ ಪರಿಚಿತ. ಅಂದಿನ ಮರಿಯಮ್ಮನ ಪ್ರಾರ್ಥನೆಗೆ ಮಾತ್ರ ಆಕೆ ಸುಮ್ಮನೆ ಕುಳಿತಿರುತ್ತಾಳೆ. ಸಂಜೆಯ ಜಪಸರ, ಸತ್ತವರಿಗಾಗಿ ಹೇಳಿಸುವ ಪೂಜೆ - ಇವುಗಳ ಕತೆಯೂ ಅದೇ.

ಸುಮ್ಮನೆ ಕುಳಿತು ದಾಟಲಾಗದ್ದು ಭಾನುವಾರ. ಸಿ.ಎಸ್.ಐ.ಯಲ್ಲಿ ಕರ್ತನ ಭೋಜನಕ್ಕೆ ಬೇರೆ ಸಭೆಯ ಸದಸ್ಯರು ಬಂದರೆ ಸಾಮಾನ್ಯವಾಗಿ ತಡೆಯುವುದಿಲ್ಲ; ತಡೆ ಕೆಥೊಲಿಕ್ ಅತಿಥಿಯ ಸ್ವಂತ ಸಭೆಯದು. ಇಗರ್ಜಿಯಲ್ಲಾದರೆ ಪ್ರಾಟೆಸ್ಟೆಂಟ್ ಸಂಗಾತಿಗೆ ಪರಮಪ್ರಸಾದ ಅಪವಾದಕ್ಕೆ ಮಾತ್ರ. ಮೂವತ್ತು ವರ್ಷ ಒಂದೇ ತಟ್ಟೆಯ ಸಂಸಾರ ಮಾಡಿದವರು ಬಲಿಪೀಠದ ಮುಂದೆ ಬಂದಾಗ ಒಬ್ಬರು ಎದ್ದು ಸಾಲಿಗೆ ಸೇರುತ್ತಾರೆ, ಇನ್ನೊಬ್ಬರು ಬೆಂಚಿನಲ್ಲೇ ಮೊಣಕಾಲೂರುತ್ತಾರೆ. ದೇವಶಾಸ್ತ್ರಜ್ಞರು ಇದಕ್ಕೆ ಕೊಡುವ ಸಮರ್ಥನೆ ಎಂದರೆ, ಸಭೆಗಳು ಒಂದಾಗದೆ ಭೋಜನ ಒಂದಾಗುವಂತಿಲ್ಲ ಎಂಬುದು. ಆ ಬೆಂಚಿನಲ್ಲಿ ಉಳಿದವರಿಗೆ ಅದು ಸಮಾಧಾನ ತರುವ ಮಾತಲ್ಲ.

ಸಾವಿನಲ್ಲಿ ನಿಯಮ ಇನ್ನಷ್ಟು ಮೃದುವಾಗುತ್ತದೆ. ಪ್ರಾಟೆಸ್ಟೆಂಟ್ ಸಂಗಾತಿಯ ಅಂತ್ಯಸಂಸ್ಕಾರವನ್ನು, ಆ ವ್ಯಕ್ತಿಯ ಇಚ್ಛೆಗೆ ವಿರುದ್ಧವಲ್ಲದಿದ್ದರೆ ಮತ್ತು ಅವರ ಸಭಾಪಾಲಕರು ಸಿಗದಿದ್ದರೆ, ಕೆಥೊಲಿಕ್ ಕ್ರಮದಲ್ಲಿ ನಡೆಸಲು ಬಿಷಪರು ಒಪ್ಪಬಹುದು. ಆದರೆ ಎರಡು ಸಭೆಗಳಿಗೆ ಎರಡು ಸ್ಮಶಾನಗಳು. ಹಾಗಾಗಿ ಇಂಥ ದಂಪತಿಗಳು, ಮಕ್ಕಳ ಜ್ಞಾನಸ್ನಾನದ ಚರ್ಚೆ ಮುಗಿದ ಎಷ್ಟೋ ವರ್ಷಗಳ ಬಳಿಕ, ತಲೆ ನರೆತ ಮೇಲೆ, ಪಕ್ಕಪಕ್ಕದಲ್ಲಿ ಜಾಗ ಸಿಕ್ಕೀತೇ ಎಂದು ಕೇಳಲು ಮತ್ತೊಮ್ಮೆ ಧರ್ಮಗುರುಗಳ ಬಾಗಿಲಿಗೆ ಹೋಗಬೇಕಾಗುತ್ತದೆ.