ಜೀವಿಗಳ ಸಾಮ್ರಾಜ್ಯಗಳು

ಧಾರವಾಡದಿಂದ ಪಶ್ಚಿಮಕ್ಕೆ ಹೊರಟರೆ ಮಲೆನಾಡು, ಪೂರ್ವಕ್ಕೆ ಹೊರಟರೆ ಎರೆಭೂಮಿಯ ಬಯಲುಸೀಮೆ. ಒಂದು ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಮೊದಲಾಯಿತೆಂದು ಗೆರೆಯೆಳೆದು ತೋರಿಸುವುದು ಸುಲಭವಲ್ಲ. ಆದರೂ ಆ ಭೇದವನ್ನರಿಯದೆ ರೈತನು ಬಿತ್ತಲಾರನು. ಜೀವಿಗಳನ್ನು ವಿಂಗಡಿಸಹೊರಟ ಶಾಸ್ತ್ರಜ್ಞರ ಪಾಡೂ ಇಂತಹುದೇ.

ಬೇರೂರಿ ನಿಂತುದು ಸಸ್ಯ, ಚಲಿಸಿ ತಿನ್ನುವುದು ಪ್ರಾಣಿ ಎಂಬುದು ನಮ್ಮೆಲ್ಲರ ಮೊದಲ ತಿಳಿವಳಿಕೆ. 1735ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಪಂಡಿತನು ಜೀವರಾಶಿಯನ್ನೆಲ್ಲ ಈ ಎರಡು ಸಾಮ್ರಾಜ್ಯಗಳಿಗೇ ಹಂಚಿಕೊಟ್ಟನು. ಆದರೆ ಸೂಕ್ಷ್ಮದರ್ಶಕದ ಬಳಕೆ ಹೆಚ್ಚಿದಂತೆ ಈ ಏರ್ಪಾಡು ಸಾಲದಾಯಿತು. ಕೆರೆಯ ನೀರಿನಲ್ಲಿರುವ ಯೂಗ್ಲೀನಾ ಎಂಬ ಏಕಕೋಶಜೀವಿಯು ಎಲೆಯಂತೆ ಹಸುರಾಗಿದ್ದು ಬಿಸಿಲಿನ ಬಲದಿಂದ ಆಹಾರವನ್ನು ಸಿದ್ಧಪಡಿಸಿಕೊಳ್ಳುತ್ತದೆ. ಪ್ರಾಣಿಯಂತೆ ಈಜುತ್ತಲೂ ಇರುತ್ತದೆ. ಇದನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕು? 1866ರಲ್ಲಿ ಜರ್ಮನಿಯ ಹೆಕೆಲನು ಇಂತಹ ಸರಳಜೀವಿಗಳಿಗಾಗಿ ಪ್ರೊಟಿಸ್ಟ ಎಂಬ ಮೂರನೆಯ ಸಾಮ್ರಾಜ್ಯವನ್ನು ಕಲ್ಪಿಸಿದನು.

1969ರಲ್ಲಿ ಅಮೆರಿಕದ ವಿಟೇಕರನು ಐದನ್ನು ಎಣಿಸಿದನು: ಬ್ಯಾಕ್ಟೀರಿಯಾ ಮೊದಲಾದುವು, ಪ್ರೊಟಿಸ್ಟ, ಶಿಲೀಂಧ್ರ, ಸಸ್ಯ, ಪ್ರಾಣಿ. ಅಣಬೆ, ಬೂಷ್ಟುಗಳೇ ಶಿಲೀಂಧ್ರಗಳು. ಅವು ಬಿಸಿಲಿನಿಂದ ಅನ್ನವನ್ನು ಮಾಡಿಕೊಳ್ಳಲಾರವು. ಅವುಗಳ ಕೋಶದ ಗೋಡೆಯಲ್ಲಿ ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಎಂಬ ದ್ರವ್ಯವಿದೆ. ಅನುವಂಶೀಯ ದ್ರವ್ಯವನ್ನು ಹೋಲಿಸಿ ನೋಡಿದಾಗ, ಅಣಬೆಯು ಗಿಡಮರಗಳಿಗಿಂತ ನಮಗೇ ಹತ್ತಿರದ ನಂಟನೆಂದು ತಿಳಿದುಬಂದಿತು! ಇದೇ ಬಗೆಯ ಹೋಲಿಕೆಯಿಂದ ವೋಸ್ ಎಂಬ ವಿಜ್ಞಾನಿಯು 1990ರಲ್ಲಿ ತನ್ನ ಸಂಗಡಿಗರೊಡನೆ, ಸಾಮ್ರಾಜ್ಯಗಳಿಗೂ ಮೇಲಣ ಮೂರು ಮಹಾವಿಭಾಗಗಳನ್ನು ಸೂಚಿಸಿದನು.

ಇದೆಲ್ಲ ಪಂಡಿತರು ಹೆಸರಿಡುವ ವಿನೋದವಲ್ಲವೇ ಎಂದು ಕೇಳುವವರುಂಟು. ನಮ್ಮ ನೆರೆಯ ಶಿರಸಿ ಸೀಮೆಯ ಅಡಿಕೆಯ ತೋಟಗಳಲ್ಲಿ ಇದಕ್ಕೆ ಉತ್ತರವಿದೆ. ಜಡಿಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುವ ಕೊಳೆರೋಗವನ್ನು ಅಲ್ಲಿ ಅರಿಯದವರಿಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಪರಿಶೋಧಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಮೈಲುತುತ್ತು ಸುಣ್ಣಗಳನ್ನು ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವು ಅಂದಿನಿಂದ ತೋಟಿಗರ ಆಸರೆಯಾಯಿತು.

ಈ ರೋಗವನ್ನು ತರುವ ಫೈಟಾಫ್ತೊರ ಎಂಬ ಜೀವಿಯನ್ನು ಆಗ ಶಿಲೀಂಧ್ರವೆಂದೇ ಎಣಿಸಿದ್ದರು. ನೋಟಕ್ಕೆ ಬೂಷ್ಟಿನ ಎಳೆಯಂತೆಯೇ ಇರುವುದು ನಿಜ. ಆದರೆ ಅದರ ಗೋಡೆಯಲ್ಲಿ ಸಸ್ಯಗಳಲ್ಲಿರುವ ಸೆಲ್ಯುಲೋಸು ಇದೆ. ಅದರ ಬಂಧುಗಳು ಕಡಲ ಕಂದುಪಾಚಿಗಳು. ಶಿಲೀಂಧ್ರಗಳು ತಮ್ಮ ಬಾಳಿಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಜಿಡ್ಡನ್ನು ತಾವೇ ತಯಾರಿಸಿಕೊಳ್ಳುತ್ತವೆ. ಆ ತಯಾರಿಕೆಯನ್ನು ತಡೆದು ಅವನ್ನು ಕೊಲ್ಲುವ ಔಷಧಗಳು ಅನೇಕ. ಫೈಟಾಫ್ತೊರವು ಅದನ್ನು ತಯಾರಿಸುವುದೇ ಇಲ್ಲ. ಆದುದರಿಂದ ಆ ಔಷಧಗಳು ಅದಕ್ಕೆ ತಾಕುವುದಿಲ್ಲ. ತಾಮ್ರವಾದರೋ ಎರಡಕ್ಕೂ ವಿಷ. ಬೂಷ್ಟಿನ ಔಷಧ ಯಾವುದಾದರೂ ಆದೀತೆಂದು ಅಂತಹುದನ್ನು ಸಿಂಪಡಿಸಿದ ತೋಟಿಗನಿಗೆ ಹಣವೂ ನಷ್ಟ, ಫಸಲೂ ನಷ್ಟ.

ಸಾಮ್ರಾಜ್ಯಗಳ ಗಡಿಗಳನ್ನು ಎಳೆದವರು ನಾವು. ಅವು ಮುಂದೆಯೂ ಬದಲಾಗಬಹುದು. ಆದರೆ ಜೀವಿಗಳೊಳಗಿನ ಬಂಧುತ್ವವು ನಾವು ಕಲ್ಪಿಸಿದುದಲ್ಲ. ಅದನ್ನು ಸರಿಯಾಗಿ ಅರಿತಷ್ಟೂ ತೋಟಕ್ಕೆ ತಕ್ಕ ಔಷಧವನ್ನು ಆರಿಸಿಕೊಳ್ಳುವುದು ನಮಗೆ ಸಾಧ್ಯವಾದೀತು. ಹಳೆಯ ಪಟ್ಟಿಯನ್ನು ತಿದ್ದಿಕೊಳ್ಳಲು ಶಾಸ್ತ್ರವು ನಾಚಿಕೊಂಡಿಲ್ಲ, ನಾವೂ ನಾಚಬೇಕಾಗಿಲ್ಲ.