ಸಂಸಾರ ಕೋಣೆಗೆ ಇನ್ನೊಂದು ಎರಿ



ಮನೆಯ ಹಿತ್ತಲಿನಲ್ಲಿ ನಾನು ಒಂದು ಪೆಟ್ಟಿಗೆ ತುಡುವೆ ಜೇನು ಸಾಕಿದ್ದೇನೆ. ಅದರಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಮುಂದೆ ಜೇನು ಸಾಕುವ ನೀವು ಅದನ್ನು ಮಾಡದಿರಲಿ.

ಪೆಟ್ಟಿಗೆಯ ಕೆಳಗಿನ ಅಂತಸ್ತೇ ಸಂಸಾರ ಕೋಣೆ. ರಾಣಿ ಮೊಟ್ಟೆಯಿಡುವುದು, ಮರಿಗಳು ಬೆಳೆಯುವುದು ಅಲ್ಲಿಯೇ. ಮಳೆಗಾಲ ಮುಗಿದಾಗ ಕುಟುಂಬ ಬೇಗ ಬೆಳೆಯಲೆಂದು ಮರಿಗಳಿದ್ದ ಎರಿಗಳ ನಡುವೆ ಒಂದು ಖಾಲಿ ಚೌಕಟ್ಟು ಇಟ್ಟೆ. ಹುಳುಗಳು ಕಡಿಮೆಯಿದ್ದವು, ರಾತ್ರಿ ಚಳಿಯಿತ್ತು. ಮರಿಗಳಿಗೆ ಸುಮಾರು 34-35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹುಳುಗಳು ಎರಿಯನ್ನು ಮುತ್ತಿ ಕುಳಿತು ಆ ಶಾಖ ಕೊಡುತ್ತವೆ. ನಾನು ಸಂಸಾರವನ್ನು ಎರಡು ಹೋಳು ಮಾಡಿದ್ದೆ. ಕೆಲವೇ ದಿನಗಳಲ್ಲಿ ಸತ್ತ ಬಿಳಿ ಮರಿಗಳು ಪೆಟ್ಟಿಗೆಯ ಬಾಗಿಲಲ್ಲಿ ಬಿದ್ದಿದ್ದವು.

ಹಾಗಾದರೆ ಏನು ಮಾಡಬೇಕು? ಇರುವ ಎರಿಗಳ ಎರಡೂ ಬದಿ ಹುಳು ತುಂಬಿದೆಯೇ, ಪರಾಗ ಒಳಗೆ ಬರುತ್ತಿದೆಯೇ, ಮೊದಲು ನೋಡಿ. ಎರಡೂ ಇದ್ದರೆ ಖಾಲಿ ಚೌಕಟ್ಟನ್ನು ಮರಿಗಳಿರುವ ಕೊನೆಯ ಎರಿಯ ಪಕ್ಕದಲ್ಲಿಡಿ, ನಡುವೆ ಬೇಡ. ಒಂದು ಸಲಕ್ಕೆ ಒಂದೇ ಸಾಕು. ಹೂವು ಕಡಿಮೆಯಿದ್ದರೆ ಸಕ್ಕರೆ, ನೀರು ಸಮ ಬೆರೆಸಿದ ಪಾಕವನ್ನು ಸಂಜೆ ಸ್ವಲ್ಪ ಕೊಡಿ. ಹೆಚ್ಚಾದರೆ ಕೋಶಗಳಲ್ಲೆಲ್ಲ ಪಾಕವೇ ತುಂಬಿ ರಾಣಿಗೆ ಮೊಟ್ಟೆಯಿಡಲು ಜಾಗವಿರದು. ಹೊಸ ಎರಿಯಲ್ಲಿ ಮೊಟ್ಟೆ ಕಂಡು, ಅದನ್ನೂ ಹುಳುಗಳು ಮುತ್ತಿದ ಮೇಲೆ ಇನ್ನೊಂದನ್ನು ಇಡಿ.

ಮೊಟ್ಟೆಯಿಂದ ಕೆಲಸಗಾರ ಹುಳು ಆಗಲು ಸುಮಾರು 3 ವಾರ ಬೇಕು. ನಮ್ಮ ಅವಸರಕ್ಕೆ ಅದು ಒಂದು ದಿನವೂ ಮೊದಲು ಬಾರದು. ಮನೆ ಕಟ್ಟುವ ಕೆಲಸ ಜೇನಿನದು, ಹೊತ್ತು ನೋಡಿ ಜಾಗ ಕೊಡುವುದಷ್ಟೇ ನಮ್ಮದು.