ಗೆರೆ ಎಳೆಯುವವರೂ ಮತ ಹಾಕುವವರೂ

(ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಮತ ಹಾಕುವ ಹಕ್ಕು ನಮಗೆಲ್ಲರಿಗೂ ಉಂಟು. ಆದರೆ ಆ ಮತಕ್ಕೆ ಎಷ್ಟು ಬೆಲೆ ಎಂಬುದು ಕ್ಷೇತ್ರದ ಗೆರೆ ಎಲ್ಲಿ ಹಾದುಹೋಗಿದೆ ಎಂಬುದನ್ನು ಅವಲಂಬಿಸಿದೆ. ಎರಡು ಊರುಗಳ ಸಂಗತಿಯಿಂದ ಇದನ್ನು ತಿಳಿಸುತ್ತೇವೆ.

ಒಂದು, ಅಮೆರಿಕದ ಅಲಬಾಮಾ ಸಂಸ್ಥಾನದ ಟಸ್ಕೀಗಿ ಪಟ್ಟಣ. ಅದರ ಎಲ್ಲೆ ಚೌಕವಾಗಿತ್ತು. 1957ರಲ್ಲಿ ಅಲ್ಲಿನ ಶಾಸನಸಭೆಯು ಅದನ್ನು 28 ಬದಿಗಳ ವಿಚಿತ್ರ ಆಕಾರಕ್ಕೆ ಕತ್ತರಿಸಿತು. ಸುಮಾರು 400 ಕರಿಯ ಮತದಾರರಲ್ಲಿ ನಾಲ್ಕೈದು ಮಂದಿಯ ಹೊರತು ಎಲ್ಲರೂ ಪಟ್ಟಣದ ಹೊರಗಾದರು. ಬಿಳಿಯರಲ್ಲಿ ಒಬ್ಬರೂ ಹೊರಗಾಗಲಿಲ್ಲ. ಯಾರ ಮನೆಯೂ ಕದಲಲಿಲ್ಲ, ಗೆರೆ ಮಾತ್ರ ಕದಲಿತು. ಗೊಮಿಲಿಯನ್ ಎಂಬ ಅಧ್ಯಾಪಕರು ದಾವೆ ಹೂಡಿದರು. 1960ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು.

ಇನ್ನೊಂದು, ನಮ್ಮ ಮಂಜೇಶ್ವರ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ನಡೆಯಲಿಲ್ಲ. ರಾಜ್ಯದ ಗೆರೆ ಹೀಗಾಯಿತು. ಆದರೆ ವಿಧಾನಸಭೆಯ ಗೆರೆಯೊಳಗೆ ಅಲ್ಲಿನ ಕನ್ನಡಿಗರು ಬಹುಮಟ್ಟಿಗೆ ಒಟ್ಟಾಗಿ ಉಳಿದರು. ಆದ್ದರಿಂದಲೇ 1957ರಲ್ಲಿ ಎಂ. ಉಮೇಶ ರಾಯರು ಅವಿರೋಧವಾಗಿ ಗೆದ್ದರು, 1960ರಲ್ಲಿ ಕೆ. ಮಹಾಬಲ ಭಂಡಾರಿಯವರು ಆರಿಸಿಬಂದರು. ಇಬ್ಬರೂ ಪಕ್ಷೇತರರು. ಅದೇ ಜನರನ್ನು ಮೂರು ಕ್ಷೇತ್ರಗಳಿಗೆ ಹಂಚಿದ್ದರೆ ತಲೆಯೆಣಿಕೆ ಅಷ್ಟೇ ಇರುತ್ತಿತ್ತು, ದನಿ ಅಡಗುತ್ತಿತ್ತು.

ನಮ್ಮ ದೇಶದಲ್ಲಿ ಈ ಗೆರೆ ಎಳೆಯುವುದು ಕ್ಷೇತ್ರ ಪುನರ್ವಿಂಗಡಣಾ ಆಯೋಗ. ಅದರ ಕೊನೆಯ ಆಜ್ಞೆ ಹೊರಟ ಮೇಲೆ ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಬಹು ಕಷ್ಟ. ಆದರೆ ಅದಕ್ಕೆ ಮುಂಚೆ ಕರಡು ಪ್ರಕಟವಾಗುತ್ತದೆ. ಆಕ್ಷೇಪಣೆ ಕೇಳುತ್ತಾರೆ, ಬಹಿರಂಗ ಸಭೆ ನಡೆಸುತ್ತಾರೆ. ಬಾಯಿ ಬಿಡಬೇಕಾದದ್ದು ಆಗಲೇ. 2008ರ ವಿಂಗಡಣೆಯಲ್ಲಿ ಮಟ್ಟಾಂಚೇರಿ ಎಂಬ ಹೆಸರಿನ ಕ್ಷೇತ್ರವೇ ಅಳಿದು, ನಾವು ಕೊಚ್ಚಿ ಕ್ಷೇತ್ರದವರಾದೆವು. ನಮ್ಮಲ್ಲಿ ಎಷ್ಟು ಮಂದಿ ಆ ಕರಡನ್ನು ನೋಡಿದ್ದೆವು?

ಹೋಟೆಲು, ಗೋದಾಮು, ಗಿರಣಿಗಳಲ್ಲಿ ದುಡಿಯುವ ನಮಗೆ ಇನ್ನೊಂದು ತೊಡಕು: ಹೆಸರು ಊರಿನ ಪಟ್ಟಿಯಲ್ಲಿ, ದೇಹ ಇಲ್ಲಿ. ಚುನಾವಣೆಯ ದಿನ ರಜೆಯೂ ರೈಲು ಖರ್ಚೂ ಕೂಡಿಬರದಿದ್ದರೆ ಮತ ಎಲ್ಲಿಯೂ ಬೀಳದು. ಕಾನೂನು ಒಂದೇ ಕಡೆ ಹೆಸರಿರಬೇಕೆನ್ನುತ್ತದೆ; ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಅದನ್ನು ನೋಂದಾಯಿಸಬಹುದು. ಒಂದು ಮತದಿಂದೇನು ಎನ್ನಬೇಡಿ. 2016ರಲ್ಲಿ ಮಂಜೇಶ್ವರದ ಸೋಲುಗೆಲುವಿನ ಅಂತರ ಕೇವಲ 89 ಮತ.

ಬಂಧುಗಳೇ, ಗೆರೆ ಎಳೆಯುವ ಲೇಖನಿ ನಮ್ಮ ಕೈಯಲ್ಲಿಲ್ಲ. ಪಟ್ಟಿಯಲ್ಲಿ ಹೆಸರು ಬರೆಸುವ ಲೇಖನಿ ನಮ್ಮದೇ. ಅರ್ಜಿ ತುಂಬಲು ಬಾರದವರು ಸಂಜೆ ವಾಚನಾಲಯಕ್ಕೆ ಬನ್ನಿರಿ. ಕೆಲಸ ಬಿಟ್ಟ ಮೇಲೆ ನಾವು ಇಲ್ಲೇ ಇರುತ್ತೇವೆ.